ಮಕ್ಕಳಿಗೆ ಹಳೇ ಮನೆ ತೋರಿಸುವ ಕೆಲಸ

ಜನ ಬದುಕಿ ಬಾಳಿದ ಮನೆಯನ್ನೇ ಮ್ಯೂಸಿಯಂ ಮಾಡಿದರೆ ಒಂದು ವಿಚಿತ್ರ ತೊಂದರೆ ಶುರುವಾಗುತ್ತದೆ. ಬೇರೆ ಮ್ಯೂಸಿಯಂಗಳಲ್ಲಿ ವಸ್ತುಗಳು ಗಾಜಿನ ಪೆಟ್ಟಿಗೆಯಲ್ಲಿರುತ್ತವೆ. ಇಲ್ಲಿ ಕುರ್ಚಿ ಕುರ್ಚಿಯ ಜಾಗದಲ್ಲೇ ಇದೆ, ಮಂಚ ಮಂಚದ ಜಾಗದಲ್ಲೇ ಇದೆ. ನೋಡಿದವರಿಗೆ ಒಂದು ಸಲ ಕೂತುಬಿಡೋಣ ಅನಿಸುತ್ತದೆ. ದೊಡ್ಡವರು ತಡೆದುಕೊಳ್ಳುತ್ತಾರೆ. ಎಂಟು ವರ್ಷದ ಮಗು ಯಾಕೆ ತಡೆದುಕೊಳ್ಳಬೇಕು?

ಇಂಥದೊಂದು ಮನೆಯಲ್ಲಿ ಶಾಲಾ ಮಕ್ಕಳ ಕಾರ್ಯಕ್ರಮ ನಡೆಸಲು ಸ್ವಯಂಸೇವಕರು ಬೇಕಾಗಿದ್ದರು. ಸೇರಿಕೊಂಡೆ. ನೂರು ವರ್ಷ ದಾಟಿದ ಎರಡು ಅಂತಸ್ತಿನ ಮನೆ. ಮುಂದುಗಡೆ ದೊಡ್ಡ ಕೋಣೆಗಳು, ಹಿಂದೆ ಅಡುಗೆಮನೆ, ಅದರಾಚೆ ಕೆಲಸದವರು ಮಲಗುತ್ತಿದ್ದ ಚಿಕ್ಕ ಕೋಣೆಗಳು. ಯಜಮಾನ ಹೆಸರುವಾಸಿ ಮನುಷ್ಯ. ಅವನ ಕಥೆ ಎಲ್ಲರೂ ಹೇಳಿದ್ದಾರೆ, ನಾನು ಹೇಳುವುದಿಲ್ಲ. ಆ ಮನೆಯನ್ನು ಮಕ್ಕಳಿಗೆ ತೋರಿಸೋದು ಹೇಗೆ ಅಂತ ಕಲಿತದ್ದನ್ನಷ್ಟೇ ಬರೆಯುತ್ತಿದ್ದೇನೆ.

ತರಬೇತಿ ಶುರುವಾದದ್ದು ಇತಿಹಾಸದಿಂದಲ್ಲ, ಧೂಳಿನಿಂದ. ಮೊದಲ ಪಾಠ ಹೇಳಿದವರು ಕ್ಯುರೇಟರ್. ಮನೆಯ ಒಂದೊಂದು ಚಮಚಕ್ಕೂ ನಂಬರ್ ಹಾಕಿಟ್ಟವರು. 'ನೋಡಿ ಮೇಡಂ, ಮಕ್ಕಳು ಬರೋದು ಬೇಡ ಅನ್ನಲ್ಲ. ಬಂದು ಹೋದ ಮೇಲೂ ಮನೆ ಇರಬೇಕು, ಅಷ್ಟೇ' ಎಂದರು. ಆಮೇಲೆ ಒಂದೊಂದೇ ಕೋಣೆಗೆ ಕರೆದುಕೊಂಡು ಹೋಗಿ ಯಾವುದು ಯಾವುದರಿಂದ ಹಾಳಾಗುತ್ತದೆ ಎಂದು ತೋರಿಸಿದರು. ಬಟ್ಟೆ, ಕಾಗದ, ಜಲವರ್ಣದ ಚಿತ್ರಗಳ ಮೇಲೆ 50 ಲಕ್ಸ್‌ಗಿಂತ ಜಾಸ್ತಿ ಬೆಳಕು ಬೀಳಬಾರದು. ಲಕ್ಸ್ ಅಂದರೆ ಬೆಳಕನ್ನು ಅಳೆಯುವ ಮಾನ, ಒಂದು ಸಾಮಾನ್ಯ ಆಫೀಸಿನಲ್ಲಿ 300ರಿಂದ 500 ಲಕ್ಸ್ ಇರುತ್ತದೆ. ಅದಕ್ಕೇ ಇಂಥ ಮನೆಗಳಲ್ಲಿ ಹಗಲಿನಲ್ಲೂ ಪರದೆ ಎಳೆದಿರುತ್ತಾರೆ. ಬೆಳಕಿನಿಂದ ಆದ ಹಾನಿ ಕೂಡುತ್ತಾ ಹೋಗುತ್ತದೆ, ವಾಪಸ್ ಬರುವುದಿಲ್ಲ. ಬೆರಳಿನ ಬೆವರಿನಲ್ಲಿರುವ ಉಪ್ಪು ಲೋಹವನ್ನು ತಿನ್ನುತ್ತದೆ, ಎಣ್ಣೆ ಅಂಶ ಮರಕ್ಕೂ ಚರ್ಮಕ್ಕೂ ಹತ್ತಿಕೊಳ್ಳುತ್ತದೆ. ಬೂಟಿನ ಅಡಿಯ ಮರಳು ನೆಲವನ್ನು ಉಜ್ಜುತ್ತದೆ. ಬೆನ್ನಿಗೆ ಹಾಕಿಕೊಂಡ ಸ್ಕೂಲ್ ಬ್ಯಾಗ್ ಎಲ್ಲಕ್ಕಿಂತ ಅಪಾಯ. ಮಗು ಸುಮ್ನೆ ಹಿಂದಕ್ಕೆ ತಿರುಗಿದರೆ ಸಾಕು, ಬ್ಯಾಗ್ ಹೋಗಿ ಹೂದಾನಿಗೆ ಬಡಿಯುತ್ತದೆ. ಪೆನ್ ಒಳಗೆ ತರುವಂತಿಲ್ಲ, ಪೆನ್ಸಿಲ್ ಮಾತ್ರ. ಪೆನ್ಸಿಲ್ ಗೀಚನ್ನು ಅಳಿಸಬಹುದು, ಶಾಯಿಯನ್ನು ಅಳಿಸೋಕೆ ಆಗಲ್ಲ.

ಇಷ್ಟೂ ಕೇಳಿದ ಮೇಲೆ ಶಿಕ್ಷಣ ವಿಭಾಗದ ಮೇಡಂ ಹತ್ತಿರ ಹೋದೆ. ಅವರದು ಪೂರ್ತಿ ಬೇರೆ ರಾಗ. 'ಹಗ್ಗದ ಆಚೆ ನಿಂತು ನೋಡಿದ ಮಗು ಮನೆ ನೋಡಲ್ಲ, ಹಗ್ಗ ನೋಡುತ್ತೆ' ಎಂದರು. ಇಬ್ಬರಿಗೂ ಈ ವಿಷಯದಲ್ಲಿ ವರ್ಷಗಳಿಂದ ಜಗಳ. ಇಬ್ಬರದೂ ಸರಿಯೇ. ಇಂಥ ಮನೆಗಳ ಶಾಲಾ ಕಾರ್ಯಕ್ರಮ ಎಂದರೆ ಹೆಚ್ಚುಕಮ್ಮಿ ಈ ಜಗಳದ ನಡುವೆ ಸಿಕ್ಕ ರಾಜಿ.

ರಾಜಿಯಲ್ಲಿ ಹುಟ್ಟಿದ್ದು ಎರಡು ವಸ್ತು. ಒಂದು, ಮುಟ್ಟುವ ಪೆಟ್ಟಿಗೆ. ಮನೆಯ ಅಸಲು ವಸ್ತುಗಳಲ್ಲ. ಅದೇ ಕಾಲದವು, ಆದರೆ ಬೇರೆ ಕಡೆಯಿಂದ ಕೊಂಡು ತಂದವು, ನಂಬರ್ ಇಲ್ಲದವು. ಇದ್ದಿಲು ಹಾಕುವ ಇಸ್ತ್ರಿ ಪೆಟ್ಟಿಗೆ, ಮಸಿಯಲ್ಲಿ ಅದ್ದಿ ಬರೆಯುವ ಲೇಖನಿ, ಲಾಟೀನು, ಗಡಿಯಾರಕ್ಕೆ ಕೀ ಕೊಡುವ ಚಾವಿ. ಎರಡನೆಯದು ಒಂದು ಹಿತ್ತಾಳೆ ತಗಡು. ಅರ್ಧ ಭಾಗಕ್ಕೆ ಪ್ಲಾಸ್ಟಿಕ್ ಮುಚ್ಚಿದೆ, ಇನ್ನರ್ಧ ತೆರೆದಿದೆ. ಬಂದ ಪ್ರತಿ ಮಗುವೂ ತೆರೆದ ಭಾಗವನ್ನು ಮುಟ್ಟಬೇಕು, ಅದೇ ನಿಯಮ. ಮುಚ್ಚಿದ ಭಾಗ ಹೊಳೆಯುತ್ತಿದೆ, ಮುಟ್ಟಿದ ಭಾಗ ಕಪ್ಪಗೆ ಮಚ್ಚೆ ಮಚ್ಚೆಯಾಗಿದೆ. 'ಇಲ್ಲಿ ತನಕ ಬಂದ ಮಕ್ಕಳೆಲ್ಲ ಒಂದೊಂದೇ ಸಲ ಮುಟ್ಟಿದ್ದಾರೆ, ನೋಡಿ' ಅಂದರೆ ಮುಗಿಯಿತು. 'ಮುಟ್ಟಬೇಡಿ' ಎಂಬ ಬೋರ್ಡು ಮಾಡದ ಕೆಲಸವನ್ನು ಆ ತಗಡು ಮಾಡುತ್ತದೆ. ನಿಜ ಹೇಳಬೇಕೆಂದರೆ ಆ ಬೋರ್ಡುಗಳನ್ನೆಲ್ಲ ಕಿತ್ತು ಹಾಕಬೇಕು ಅನ್ನೋದು ನನ್ನ ಅಭಿಪ್ರಾಯ. ಕ್ಯುರೇಟರ್ ಒಪ್ಪಿಲ್ಲ.

ಆಮೇಲೆ ಓದು. ಮೇಡಂ ಒಂದಿಷ್ಟು ಕಾಗದ ಕೊಟ್ಟರು. ಹೆಚ್ಚಿನದು ನೆನಪಿಲ್ಲ. ಎರಡು ವಿಷಯ ಮಾತ್ರ ಕೆಲಸಕ್ಕೆ ಬಂದವು. ಅಮೆರಿಕದ ರಾಷ್ಟ್ರೀಯ ಉದ್ಯಾನಗಳಿಗಾಗಿ ಕೆಲಸ ಮಾಡಿದ ಫ್ರೀಮನ್ ಟಿಲ್ಡನ್ 1957ರಲ್ಲಿ ಒಂದು ಮಾತು ಬರೆದರು. ಮಕ್ಕಳಿಗೆ ಹೇಳುವುದು ದೊಡ್ಡವರಿಗೆ ಹೇಳಿದ್ದನ್ನೇ ನೀರು ಬೆರೆಸಿ ತೆಳ್ಳಗೆ ಮಾಡಿದ್ದಾಗಬಾರದು, ಅದರ ದಾರಿಯೇ ಬೇರೆ ಇರಬೇಕು ಎನ್ನುವುದು ಅದರ ಸಾರ. ಇನ್ನೊಂದು, ಮನಶ್ಶಾಸ್ತ್ರಜ್ಞೆ ಅಬಿಗೇಲ್ ಹೌಸನ್ ಮತ್ತು ನ್ಯೂಯಾರ್ಕಿನ ಒಂದು ಕಲಾ ಮ್ಯೂಸಿಯಂನ ಶಿಕ್ಷಣ ವಿಭಾಗದಲ್ಲಿದ್ದ ಫಿಲಿಪ್ ಯೆನವೈನ್ ಸೇರಿ ರೂಪಿಸಿದ ಮೂರು ಪ್ರಶ್ನೆಗಳು. ಈ ಚಿತ್ರದಲ್ಲಿ ಏನು ನಡೀತಿದೆ? ಹಾಗಂತ ಯಾವುದನ್ನು ನೋಡಿ ಹೇಳಿದೆ? ಇನ್ನೂ ಏನು ಕಾಣುತ್ತೆ? ಅಷ್ಟೇ. ಕೇಳುವವರು ಉತ್ತರ ಹೇಳಬಾರದು. ಮಗು ಹೇಳಿದ್ದನ್ನು ಬೇರೆ ಮಾತಿನಲ್ಲಿ ಇನ್ನೊಮ್ಮೆ ಹೇಳಿ, ಅದು ಹೇಳಿದ ಜಾಗವನ್ನು ಬೆರಳಿನಿಂದ ತೋರಿಸಬೇಕು.

ಕೇಳೋಕೆ ಸುಲಭ. ಬಾಯಿ ಮುಚ್ಚಿಕೊಂಡು ನಿಲ್ಲುವುದು ಎಷ್ಟು ಕಷ್ಟ ಅಂತ ಮಾಡಿ ನೋಡಿದರೆ ಗೊತ್ತಾಗುತ್ತದೆ. ಬೇರೆ ಸ್ವಯಂಸೇವಕರನ್ನೇ ಮಕ್ಕಳೆಂದು ಕೂರಿಸಿಕೊಂಡು ರಿಹರ್ಸಲ್ ಮಾಡಿದೆವು. ಪ್ರಶ್ನೆ ಕೇಳಿದ ಮೇಲೆ ಹತ್ತು ಸೆಕೆಂಡ್ ಕಾಯಬೇಕು ಎಂಬ ನಿಯಮ. ಆ ಹತ್ತು ಸೆಕೆಂಡ್ ಮುಗಿಯೋದೇ ಇಲ್ಲ. ಮೇಡಂ ಹಿಂದೆ ನಿಂತು ಬೆರಳು ಮಡಿಸಿ ಎಣಿಸುತ್ತಿದ್ದರು.

ಕಾರ್ಯಕ್ರಮದ ಚೌಕಟ್ಟು ಹೀಗೆ. ಒಂದು ತರಗತಿ ಎಂದರೆ ಸುಮಾರು ನಲವತ್ತು ಮಕ್ಕಳು. ಅಷ್ಟೂ ಜನ ಒಂದೇ ಕೋಣೆಯಲ್ಲಿ ಹಿಡಿಸುವುದಿಲ್ಲ. ಹಳೆಯ ಮರದ ಮಹಡಿಯ ಮೇಲೆ ಒಟ್ಟಿಗೆ ನಿಲ್ಲಿಸುವಂತೆಯೂ ಇಲ್ಲ. ಅದಕ್ಕೆ ಮೂರು ಗುಂಪು, ಮೂರು ಜಾಗ. ಒಂದು ಗುಂಪು ಮುಂಭಾಗದ ಕೋಣೆಯಲ್ಲಿ ಚಿತ್ರದ ಮುಂದೆ, ಇನ್ನೊಂದು ಮುಟ್ಟುವ ಪೆಟ್ಟಿಗೆಯ ಬಳಿ, ಮತ್ತೊಂದು ಹಿತ್ತಲಲ್ಲಿ. ಇಪ್ಪತ್ತೈದು ನಿಮಿಷಕ್ಕೊಮ್ಮೆ ಗಂಟೆ, ಗುಂಪುಗಳು ಜಾಗ ಬದಲಿಸುತ್ತವೆ. ಎದುರು ಬದುರಾಗಿ ಬಂದ ಎರಡು ಗುಂಪು ಕಿರಿದಾದ ಮೆಟ್ಟಿಲಿನ ಮೇಲೆ ಸಿಕ್ಕಿಕೊಳ್ಳದಂತೆ ದಾರಿ ಹಾಕುವುದೇ ಒಂದು ದೊಡ್ಡ ವಿದ್ಯೆ. ರೈಲ್ವೆಯವರು ಬಂದು ನಮ್ಮ ಹತ್ತಿರ ಕಲಿಯಬಹುದು.

ಭೇಟಿಗೆ ಒಂದು ವಾರ ಮೊದಲು ನಮ್ಮಲ್ಲಿ ಒಬ್ಬರು ಶಾಲೆಗೆ ಹೋಗುತ್ತೇವೆ. ಮನೆಯ ನಕ್ಷೆ ಮತ್ತು ಒಂದು ಗುರುತು ಸಿಗದ ವಸ್ತು ಕೊಟ್ಟು ಬರುತ್ತೇವೆ. ಇದು ಏನಿರಬಹುದು ಎಂದು ಅವರು ವಾರವಿಡೀ ತಲೆ ಕೆಡಿಸಿಕೊಳ್ಳಬೇಕು. ಲಾಟೀನಿನ ಬತ್ತಿ ಕತ್ತರಿಸುವ ಕತ್ತರಿ ಇದಕ್ಕೆ ಹೇಳಿ ಮಾಡಿಸಿದ್ದು. ಕತ್ತರಿಸಿದ ಕರಿಬತ್ತಿ ಕೆಳಗೆ ಬೀಳದ ಹಾಗೆ ಅದಕ್ಕೊಂದು ಪುಟ್ಟ ಡಬ್ಬಿ ಅಂಟಿಕೊಂಡಿರುತ್ತದೆ. ಮೂಗಿನ ಕೂದಲು ಕತ್ತರಿಸೋದು ಎಂಬ ಉತ್ತರ ಪ್ರತಿ ಶಾಲೆಯಲ್ಲೂ ಬಂದಿದೆ.

ಮೊದಲ ಗುಂಪು ಬಂದ ದಿನ ನಾನು ಚಿತ್ರದ ಕೋಣೆಯಲ್ಲಿದ್ದೆ. ಯಜಮಾನನ ಕುಟುಂಬದ ದೊಡ್ಡ ತೈಲಚಿತ್ರ. ಕೆಳಗಿನ ಫಲಕದಲ್ಲಿ ಎಲ್ಲರ ಹೆಸರೂ ಇದೆ. ಏನು ನಡೀತಿದೆ ಎಂದು ಕೇಳಿದೆ. ಒಬ್ಬ ಹುಡುಗ 'ಯಾರಿಗೂ ಖುಷಿ ಇಲ್ಲ' ಎಂದ. ಯಾವುದನ್ನು ನೋಡಿ ಹೇಳಿದೆ? 'ಯಾರೂ ಯಾರನ್ನೂ ನೋಡ್ತಿಲ್ಲ.' ಇನ್ನೂ ಏನು ಕಾಣುತ್ತೆ? ಕಾದೆ. ಮೂಲೆಯಲ್ಲಿದ್ದ ಹುಡುಗಿ ಚಿತ್ರದ ಅಂಚಿಗೆ ಕೈ ತೋರಿಸಿದಳು. ಅಲ್ಲಿ ಮಗುವನ್ನು ಎತ್ತಿಕೊಂಡು ಒಬ್ಬ ಹೆಂಗಸು ನಿಂತಿದ್ದಾಳೆ, ಅರ್ಧ ನೆರಳಿನಲ್ಲಿ. 'ಮಗು ಹೆಸರು ಬರ್ದಿದೆ ಮಿಸ್, ಎತ್ಕೊಂಡಿರೋರ ಹೆಸರು ಯಾಕಿಲ್ಲ?'

ತರಬೇತಿಯಲ್ಲಿ ಆ ಚಿತ್ರದ ಬಗ್ಗೆ ನಮಗೆ ಚಿತ್ರಕಾರ, ವರ್ಷ, ಚೌಕಟ್ಟಿನ ಮರ ಎಲ್ಲ ಹೇಳಿದ್ದರು. ಆ ಹೆಂಗಸಿನ ಬಗ್ಗೆ ಒಂದು ಸಾಲೂ ಇರಲಿಲ್ಲ. ಆ ಮಧ್ಯಾಹ್ನ ಕ್ಯುರೇಟರ್ ಹತ್ತಿರ ಹೋಗಿ ಕೇಳಿದೆ. ಹಳೆಯ ದಾಖಲೆಯಲ್ಲಿ 'ದಾದಿ' ಎಂದಷ್ಟೇ ಇತ್ತು. ಫಲಕದಲ್ಲಿ ಅಷ್ಟನ್ನಾದರೂ ಸೇರಿಸಿ ಅಂದೆ. ಸೇರಿಸಿದರು. ತಡವಾಯಿತು, ಆದರೆ ಸೇರಿಸಿದರು.

ಅಲ್ಲಿಂದ ಕಾರ್ಯಕ್ರಮದ ತೂಕವೇ ಮನೆಯ ಹಿಂಭಾಗಕ್ಕೆ ಜರುಗಿತು. ಇದು ನಮ್ಮ ಮನೆಯದೊಂದೇ ಕಥೆ ಅಲ್ಲ. ಜಗತ್ತಿನ ಹಲವು ಹಳೆಯ ಮನೆಗಳು ಇದೇ ದಾರಿಯಲ್ಲಿ ನಡೆದಿವೆ. ಜಾರ್ಜ್ ವಾಷಿಂಗ್ಟನ್ನನ ಮೌಂಟ್ ವರ್ನನ್ ಮನೆಯನ್ನೇ ನೋಡಿ. ಪಾಳು ಬೀಳುತ್ತಿದ್ದ ಆ ಮನೆಯನ್ನು ಉಳಿಸಿದ್ದು ಆ್ಯನ್ ಪಮೆಲಾ ಕನ್ನಿಂಗ್‌ಹ್ಯಾಮ್ ಎಂಬಾಕೆ 1853ರಲ್ಲಿ ಕಟ್ಟಿದ ಹೆಂಗಸರ ಸಂಘ. ಊರೂರಿನಿಂದ ಹಣ ಕೂಡಿಸಿ 1858ರಲ್ಲಿ ಖರೀದಿ ಒಪ್ಪಂದ ಮಾಡಿಕೊಂಡರು. ಆ ಸಂಘವೇ ಇವತ್ತಿಗೂ ಮನೆಯನ್ನು ನೋಡಿಕೊಳ್ಳುತ್ತಿದೆ. ಅಲ್ಲಿ ಬಹಳ ಕಾಲ ಕಥೆ ಎಂದರೆ ವಾಷಿಂಗ್ಟನ್ನನ ಕಥೆ. 1799ರಲ್ಲಿ, ಅವನು ಸತ್ತ ವರ್ಷ, ಆ ಎಸ್ಟೇಟಿನಲ್ಲಿ 317 ಮಂದಿ ಗುಲಾಮರಿದ್ದರು. ಅವರ ಬದುಕನ್ನೂ ಈಗ ಅಲ್ಲಿ ಹೇಳುತ್ತಾರೆ. ನ್ಯೂಯಾರ್ಕಿನ ಟೆನಮೆಂಟ್ ಮ್ಯೂಸಿಯಂ ಇನ್ನೂ ಮುಂದೆ ಹೋಯಿತು. ಅಲ್ಲಿ ಯಜಮಾನನೇ ಇಲ್ಲ. 97, ಆರ್ಚರ್ಡ್ ಸ್ಟ್ರೀಟ್ ಎಂಬ ವಿಳಾಸದ ವಠಾರ ಅದು, 1863ರಲ್ಲಿ ಕಟ್ಟಿದ್ದು. 1935ರವರೆಗೆ ಬೇರೆ ಬೇರೆ ದೇಶಗಳಿಂದ ವಲಸೆ ಬಂದ ಸಾವಿರಾರು ಮಂದಿ ಅಲ್ಲಿ ಬಾಡಿಗೆಗಿದ್ದರು. ಒಂದೊಂದು ಬಿಡಾರದಲ್ಲೂ ಅಲ್ಲಿದ್ದ ಒಂದೊಂದು ಸಂಸಾರದ ಕಥೆ.

ನಮ್ಮ ಹಿತ್ತಲಿನ ಪಾಠ ನೀರಿನದು. ನಲ್ಲಿ ಇಲ್ಲದ ಕಾಲದಲ್ಲಿ ಈ ಮನೆಗೆ ನೀರು ಹೇಗೆ ಬರುತ್ತಿತ್ತು? ಮನೆಯಲ್ಲಿ ಹನ್ನೆರಡು ಜನ. ಒಬ್ಬರ ಸ್ನಾನಕ್ಕೆ ಹದಿನೈದು ಲೀಟರ್ ಎಂದುಕೊಳ್ಳೋಣ. 180 ಲೀಟರ್ ಆಯಿತು. ಹತ್ತು ಲೀಟರಿನ ಬಕೆಟ್‌ನಲ್ಲಿ ಹದಿನೆಂಟು ಸಲ ಹೊರಬೇಕು. ಒಂದು ಲೀಟರ್ ನೀರು ಒಂದು ಕಿಲೋ. ಅಲ್ಲಿಗೆ ಬರೀ ಸ್ನಾನಕ್ಕೆ 180 ಕಿಲೋ. ಅಡುಗೆ, ಪಾತ್ರೆ, ಬಟ್ಟೆ, ನೆಲ ಒರೆಸೋದು ಇನ್ನೂ ಲೆಕ್ಕಕ್ಕೇ ಬಂದಿಲ್ಲ. ಲೆಕ್ಕವನ್ನು ಮಕ್ಕಳೇ ಹಾಕುತ್ತಾರೆ. ಆಮೇಲೆ ಅರ್ಧ ತುಂಬಿದ ಬಕೆಟ್ ಹಿಡಿದು ಬಾವಿಯಿಂದ ಬಚ್ಚಲಿನ ತನಕ ನಡೆಯುತ್ತಾರೆ. ಬಾವಿ ಈಗ ಮುಚ್ಚಿದೆ, ಪಕ್ಕದಲ್ಲೊಂದು ತೊಟ್ಟಿ ಇಟ್ಟಿದ್ದೇವೆ. ಮೊದಲ ಸುತ್ತಿಗೆ ನಗು, ಕೂಗಾಟ. ಎರಡನೇ ಸುತ್ತಿಗೆ ಕೈ ಬದಲಿಸುತ್ತಾರೆ. ಮೂರನೇ ಸುತ್ತಿಗೆ 'ಸಾಕು ಮಿಸ್'. ಇನ್ನು ಹದಿನೈದು ಬಾಕಿ ಇದೆ ಅಲ್ವಾ ಎನ್ನುತ್ತೇನೆ.

ಒಂದು ಶಾಲೆಯ ಹುಡುಗಿ ಮಾತ್ರ ಹನಿ ಚೆಲ್ಲದೆ ನಡೆದಳು. ಹೇಗೆ ಎಂದು ಉಳಿದವರು ಮುತ್ತಿಕೊಂಡರು. ಬಕೆಟ್ ಹಿಡಿಯದ ಕೈಯನ್ನು ಪಕ್ಕಕ್ಕೆ ಚಾಚಿ ತೂಕ ಸಮ ಮಾಡಿಕೊಳ್ಳೋದನ್ನು ತೋರಿಸಿದಳು. ಮನೆಯಲ್ಲಿ ದಿನಾ ಹೊರ್ತೀನಿ ಎಂದಳು. ಅವಳ ಗುಂಪಿಗೆ ಉಳಿದ ಪಾಠ ಅವಳೇ ಮಾಡಿದಳು. ನಾನು ಪಕ್ಕಕ್ಕೆ ನಿಂತೆ. ಹಳೇ ಕಾಲ ಅಂದ್ರೆ ಎಲ್ಲರಿಗೂ ಹಳೇದೇ ಆಗಿರಬೇಕಿಲ್ಲ. 'ಆ ಕಾಲದಲ್ಲಿ ಪಾಪ, ಜನ ನೀರು ಹೊರ್ತಿದ್ರು' ಎಂದು ಶುರು ಮಾಡುತ್ತಿದ್ದ ನಮ್ಮ ಮಾತಿನಿಂದ ಆ 'ಪಾಪ'ವನ್ನು ಮೇಡಂ ಮಾರನೇ ದಿನವೇ ತೆಗೆಸಿದರು.

ಇನ್ನೊಂದು ಆಟ ಗಂಟೆಗಳದು. ಮುಂಭಾಗದ ಕೋಣೆಗಳಲ್ಲಿ ಗೋಡೆಗೆ ಒಂದು ಹಿಡಿ ಇದೆ. ಎಳೆದರೆ ತಂತಿಯ ಮೂಲಕ ಅಡುಗೆಮನೆಯ ಹತ್ತಿರದ ಗಂಟೆ ಬಡಿಯುತ್ತದೆ. ಒಂದೊಂದು ಕೋಣೆಗೆ ಒಂದೊಂದು ಗಂಟೆ. ಅಸಲು ತಂತಿ ಎಳೆಯುವಂತಿಲ್ಲ. ಬಡಗಿಯೊಬ್ಬರು ಅದೇ ಮಾದರಿಯನ್ನು ಹಿತ್ತಲಿನ ಕೊಟ್ಟಿಗೆಯಲ್ಲಿ ಮಾಡಿಕೊಟ್ಟಿದ್ದಾರೆ. ಚೀಟಿ ಎತ್ತಿದ ಪ್ರಕಾರ ಕೆಲವರು ಎಳೆಯುವವರು, ಕೆಲವರು ಓಡುವವರು. ಓಡುವವರಿಗೆ ಒಂದು ರಾಶಿ ಬಟ್ಟೆ ಮಡಿಸುವ ಕೆಲಸವೂ ಇರುತ್ತದೆ. ಗಂಟೆ ಬಡಿದಾಗ ಅದನ್ನು ಬಿಟ್ಟು ಓಡಬೇಕು. ಎಳೆಯುವವರು ಸುಮ್ನೆ ಸುಮ್ನೆ ಎಳೆಯುತ್ತಾರೆ. ಬಟ್ಟೆ ಮಡಿಸಿ ಮುಗಿಯುವುದೇ ಇಲ್ಲ. ಐದು ನಿಮಿಷಕ್ಕೆ ಓಡುವವರ ಕಡೆಯಿಂದ 'ಇದು ಮೋಸ' ಎಂಬ ಕೂಗು ಏಳುತ್ತದೆ. ಆಗ ಆಟ ನಿಲ್ಲಿಸಿ ಕೂರಿಸುತ್ತೇವೆ. ಏನು ಮೋಸ ಎಂದು ಅವರೇ ಹೇಳಬೇಕು. ನನಗೆ ಇಡೀ ಕಾರ್ಯಕ್ರಮದಲ್ಲಿ ಇಷ್ಟವಾದ ಹತ್ತು ನಿಮಿಷ ಇದು.

ಹಳೇ ಕಾಲದ ವೇಷ ಹಾಕಿಸುವ ಪದ್ಧತಿಯೂ ಇತ್ತು, ಬಿಟ್ಟೆವು. ಫೋಟೋ ಚೆನ್ನಾಗಿ ಬರುತ್ತದೆ, ಬೇರೇನೂ ಆಗುವುದಿಲ್ಲ. ಎಲ್ಲರಿಗೂ ಯಜಮಾನತಿಯ ಉಡುಪೇ ಬೇಕು. ಬಿಟ್ಟ ಜಾಗ ತುಂಬಿರಿ ಹಾಳೆಗಳನ್ನೂ ಬಿಟ್ಟೆವು. ಹಾಳೆ ಕೈಗೆ ಕೊಟ್ಟರೆ ಮಗು ಫಲಕದಿಂದ ಫಲಕಕ್ಕೆ ಓಡುತ್ತದೆ, ತಲೆ ಎತ್ತಿ ನೋಡುವುದೇ ಇಲ್ಲ. ಶಿಕ್ಷಕರಿಗೆ ಇದು ಹಿಡಿಸಲಿಲ್ಲ. ಶಾಲೆಗೆ ತೋರಿಸಲು ಏನಾದರೂ ಬರೆದದ್ದು ಬೇಕಲ್ಲ. ಅವರ ಕಷ್ಟವೂ ನಿಜವೇ. ಈಗ ಪ್ರತಿ ಮಗುವೂ ಒಂದು ವಸ್ತುವಿನ ಮುಂದೆ ಕೂತು ಪೆನ್ಸಿಲಿನಲ್ಲಿ ಅದರ ಚಿತ್ರ ಬರೆದು, ಕೆಳಗೆ ಒಂದು ಪ್ರಶ್ನೆ ಬರೆಯುತ್ತದೆ. ಉತ್ತರ ಅಲ್ಲ, ಪ್ರಶ್ನೆ. ಅದನ್ನು ಶಾಲೆಗೆ ಒಯ್ಯುತ್ತಾರೆ.

ಮಕ್ಕಳು ಬಾಯಿಬಿಟ್ಟು ಕೇಳುವ ಪ್ರಶ್ನೆಗಳು ಮೂರೇ. ಟಾಯ್ಲೆಟ್ ಎಲ್ಲಿ, ದೆವ್ವ ಇದೆಯಾ, ಇಲ್ಲಿ ಯಾರಾದ್ರೂ ಸತ್ತಿದ್ದಾರಾ. ಮೊದಲನೆಯದಕ್ಕೆ ಬಸ್ಸಿನಿಂದ ಇಳಿದ ಕೂಡಲೇ ಉತ್ತರ ಸಿಗದಿದ್ದರೆ ಆಮೇಲಿನ ಪಾಠವೆಲ್ಲ ವ್ಯರ್ಥ. ದೆವ್ವದ ವಿಷಯದಲ್ಲಿ 'ಇಲ್ಲ' ಎಂದು ನೇರವಾಗಿ ಹೇಳುತ್ತೇವೆ. ತಮಾಷೆಗೆ ಇದೆ ಎಂದರೆ ಮಹಡಿ ಹತ್ತುವಾಗ ಒಬ್ಬರಾದರೂ ಅಳುತ್ತಾರೆ. ಮೂರನೆಯದಕ್ಕೆ ಹೌದು ಎನ್ನುತ್ತೇವೆ. ಹುಟ್ಟೋದೂ ಸಾಯೋದೂ ಆಗ ಮನೆಯಲ್ಲೇ ನಡೀತಿತ್ತು, ಇದೇ ಮಂಚದ ಮೇಲೆ ಮಕ್ಕಳೂ ಹುಟ್ಟಿದ್ದಾರೆ ಎಂದರೆ ಮುಖದ ಮೇಲಿನ ಗಾಬರಿ ಹೋಗಿ ಕುತೂಹಲ ಬರುತ್ತದೆ.

ಚಿಕ್ಕ ತರಗತಿಗಳಿಗೆ ಇಸವಿಗಳು ಬೇಡ. 1890ಕ್ಕೂ 1920ಕ್ಕೂ ಅವರಿಗೆ ವ್ಯತ್ಯಾಸ ಇಲ್ಲ, ಎಲ್ಲಾ ಡೈನೋಸಾರ್ ಕಾಲ. ಅಜ್ಜಿ, ಅಜ್ಜಿಯ ಅಜ್ಜಿ ಎಂದು ಲೆಕ್ಕ ಹೇಳಿದರೆ ಸ್ವಲ್ಪ ಹತ್ತಿರ ಬರುತ್ತದೆ. ಇನ್ನೂ ಹತ್ತಿರ ತರುವುದು ಅವರದೇ ವಯಸ್ಸಿನ ಮಗುವಿನ ಗುರುತು. ಆಮ್‌ಸ್ಟರ್‌ಡ್ಯಾಮಿನ ಆ್ಯನ್ ಫ್ರಾಂಕ್ ಮನೆಯಲ್ಲಿ ಗೋಡೆಯ ಮೇಲೆ ಪೆನ್ಸಿಲ್ ಗೆರೆಗಳಿವೆ. ಯಹೂದಿಗಳನ್ನು ಹಿಡಿಯುತ್ತಿದ್ದ ನಾಜಿಗಳಿಗೆ ಸಿಗದಂತೆ ಅಡಗಿ ಕೂತಿದ್ದ ದಿನಗಳಲ್ಲಿ ಆ್ಯನ್ ಮತ್ತು ಅವಳ ಅಕ್ಕ ಮಾರ್ಗಾಟ್ ಎಷ್ಟೆತ್ತರ ಬೆಳೆದರು ಎಂದು ಅಪ್ಪ ಅಮ್ಮ ಹಾಕಿದ ಗುರುತು. ಹಿಡಿದೊಯ್ದ ಮೇಲೆ ನಾಜಿಗಳು ಸಾಮಾನು ಸರಂಜಾಮನ್ನೆಲ್ಲ ಸಾಗಿಸಿದ್ದರು. 1960ರಲ್ಲಿ ಮ್ಯೂಸಿಯಂ ತೆರೆದಾಗ ಕೋಣೆಗಳು ಖಾಲಿಯಾಗಿಯೇ ಇರಲಿ ಎಂದವರು ಬದುಕಿ ಉಳಿದ ತಂದೆ ಒಟ್ಟೊ ಫ್ರಾಂಕ್. ತುಂಬಿಸಿದ ಕೋಣೆಗಿಂತ ಆ ಖಾಲಿ ಕೋಣೆ ಜಾಸ್ತಿ ಹೇಳುತ್ತದೆ. ಇದಕ್ಕೆ ಪೂರ್ತಿ ಉಲ್ಟಾ ಲಂಡನ್ನಿನ ಜಾನ್ ಸೋನ್ ಮನೆ. ತಾನು ಸತ್ತ ಮೇಲೂ ಮನೆ ಆದಷ್ಟು ತಾನಿಟ್ಟ ಹಾಗೆಯೇ ಇರಬೇಕೆಂದು ಆ ವಾಸ್ತುಶಿಲ್ಪಿ 1833ರಲ್ಲಿ ಪಾರ್ಲಿಮೆಂಟಿನಿಂದ ಕಾಯ್ದೆಯನ್ನೇ ಮಾಡಿಸಿಕೊಂಡ. ಈ ಎರಡು ಮನೆಗಳ ಕಥೆ ಕೇಳಿದ ಮೇಲೆ ನಮ್ಮ ಮೇಡಂ ಜೊತೆ ಕೂತು ಮೇಲಿನ ಮಹಡಿಯ ಒಂದು ಕೋಣೆಯನ್ನು ಏನೂ ಇಡದೆ ಬಿಡೋಣ ಎಂದು ಗೋಗರೆದೆ. ಆ ಕೋಣೆಯಲ್ಲಿ ಏನಿತ್ತು ಎಂಬುದಕ್ಕೆ ದಾಖಲೆಯೇ ಇಲ್ಲ. ಬೇರೆ ಕಡೆಯಿಂದ ತಂದ ಮೇಜು ಕುರ್ಚಿಯಿಂದ ಅಂದಾಜಿನಲ್ಲಿ ತುಂಬಿಸಿದ್ದರು. ಈಗ ಅಲ್ಲಿ ಬರೀ ನೆಲ, ಕಿಟಕಿ, ಗೋಡೆಯ ಮೊಳೆಗಳು. ಇಲ್ಲಿ ಯಾರಿದ್ದರು ಎಂದು ಮೊಳೆಯ ಎತ್ತರ, ನೆಲ ಸವೆದ ಜಾಗ ನೋಡಿ ಮಕ್ಕಳು ಊಹಿಸಬೇಕು. ಊಹೆಯನ್ನು ಊಹೆ ಎಂದೇ ಕರೆಯುತ್ತೇವೆ. ಇದರಲ್ಲಿ ಐದನೇ ತರಗತಿಯವರು ನಮಗಿಂತ ಚುರುಕು.

ಭೇಟಿ ಮುಗಿದ ಮೇಲೆ ಶಿಕ್ಷಕರಿಗೆ ಒಂದು ಫಾರಂ ಕೊಡುತ್ತೇವೆ. 'ತುಂಬಾ ಚೆನ್ನಾಗಿತ್ತು' ಎಂದು ಬರೆದವು ಯಾವ ಕೆಲಸಕ್ಕೂ ಬರುವುದಿಲ್ಲ. ಒಬ್ಬ ಶಿಕ್ಷಕರು ಬರೆದದ್ದು ಮಾತ್ರ ಹಾಗಲ್ಲ. ಗಾಲಿಕುರ್ಚಿಯಲ್ಲಿ ಬಂದ ಅವರ ವಿದ್ಯಾರ್ಥಿಗೆ ಮಹಡಿ ಹತ್ತಲು ಆಗಲಿಲ್ಲ. ಇಪ್ಪತ್ತೈದು ನಿಮಿಷ ಕೆಳಗೆ ಕೂರಬೇಕಾಯಿತು. ಹಳೆಯ ಮನೆಗೆ ಲಿಫ್ಟ್ ಹಾಕೋದು ಸುಲಭವಲ್ಲ, ಗೋಡೆ ಒಡೆಯಬೇಕು. ಮೇಲಿನ ಕೋಣೆಯ ಫೋಟೋ ಆಲ್ಬಮ್ ಮಾಡೋಣ ಎಂದರು ಕೆಲವರು. ಮೇಡಂ ಅದಕ್ಕೆ ಒಪ್ಪದೆ ಖಾಲಿ ಕೋಣೆಯ ಪಾಠವನ್ನೇ ಕೆಳಗಿನ ಒಂದು ಕೋಣೆಗೆ ಇಳಿಸಿದರು. ಇಡೀ ತರಗತಿಗೂ ಈಗ ಅದು ಕೆಳಗೇ ನಡೆಯುತ್ತದೆ. ಮೆಟ್ಟಿಲಿನ ಟ್ರಾಫಿಕ್ಕೂ ಅದರಿಂದ ಕಡಿಮೆಯಾಯಿತು.

ಈಗ ಹೈಸ್ಕೂಲ್ ಮಕ್ಕಳಿಗೆ ಹೊಸದೊಂದು ತಯಾರು ಮಾಡುತ್ತಿದ್ದೇವೆ. ಅದಕ್ಕೆ ಕೈ ಹಾಕಿದವಳು ನಾನೇ, ಯಾಕೆಂದರೆ ಹಿಂದೆ ನನ್ನ ಹೊಟ್ಟೆಪಾಡು ಲೆಕ್ಕ ಬರೆಯುವುದಾಗಿತ್ತು. ಮನೆಯ ಖರ್ಚಿನ ಪುಸ್ತಕ ಕಪಾಟಿನಲ್ಲಿದೆ. ದಿನದಿನದ ದಿನಸಿ, ಸೀಮೆಎಣ್ಣೆ, ಕೆಲಸದವರ ಸಂಬಳ, ದಂಡ ಹಿಡಿದದ್ದು, ಎಲ್ಲ ಇದೆ. ಒಂದು ತಿಂಗಳಲ್ಲಿ ಗೋಡೆ ಗಡಿಯಾರ ರಿಪೇರಿಗೆ ಕೊಟ್ಟ ಹಣ ಅಡುಗೆಯವಳ ಆ ತಿಂಗಳ ಸಂಬಳಕ್ಕಿಂತ ಜಾಸ್ತಿ. ಎರಡು ಸಾಲೂ ಒಂದೇ ಪುಟದಲ್ಲಿವೆ. ಯಾವ ಸಾಲನ್ನೂ ನಾನು ತೋರಿಸುವುದಿಲ್ಲ. ಪುಟವನ್ನು ಮುಂದಿಟ್ಟು ಹತ್ತು ಸೆಕೆಂಡ್ ಕಾಯುವ ಯೋಚನೆ. ಕ್ಯುರೇಟರ್ ಅಸಲು ಪುಸ್ತಕ ಕೊಡಲ್ಲ ಎಂದಿದ್ದಾರೆ, ಜೆರಾಕ್ಸ್ ಕೂಡ ಆಗಲ್ಲವಂತೆ, ಪುಸ್ತಕದ ಬೆನ್ನು ಮುರಿಯುತ್ತದೆ. ತಾವೇ ಫೋಟೋ ತೆಗೆದು ಕೊಡುತ್ತಾರಂತೆ. ಆ ಫೋಟೋಗಳಿಗೆ ಕಾಯುತ್ತಿದ್ದೇನೆ.